ಎರಡು ಊರಿನ ಗುಳಿಗೆ

ನಮ್ಮ ಅಮ್ಮನ ಕಡೆಯ ಹೆಂಗಸರಿಗೆ ಬಸ್ಸು ಆಗುವುದಿಲ್ಲ. ಇದನ್ನು ಅವರು ಕಾಯಿಲೆ ಎಂದು ಯಾವತ್ತೂ ಹೇಳಿದವರಲ್ಲ. ಚಪ್ಪಟೆ ಮೂಗಿನ ಹಾಗೆ, ಗುಂಗುರು ಕೂದಲಿನ ಹಾಗೆ, ನರಸೀಪುರದ ಹತ್ತಿರದ ಅವರ ತವರು ಹೆಮ್ಮಿಗೆಯ ಮನೆಯಿಂದ ಬಂದ ಒಂದು ಗುರುತು ಅದು. ನಂಜನಗೂಡಿನಲ್ಲಿ ಬಸ್ಸು ಹತ್ತಿದರೆ ನರಸೀಪುರ ಮುಟ್ಟುವಷ್ಟರಲ್ಲಿ ಅಮ್ಮನಿಗೆ ಎರಡು ಸಲವಾದರೂ ಕಿಟಕಿಯಾಚೆ ತಲೆ ಹಾಕಬೇಕಾಗುತ್ತಿತ್ತು. ಅವಳ ಅಕ್ಕ, ನನ್ನ ದೊಡ್ಡಮ್ಮನಿಗೆ ಇನ್ನೂ ಹೆಚ್ಚು. ಅವಳು ಬದನವಾಳಿನ ಹತ್ತಿರದ ಹಳ್ಳಿಗೆ ಮದುವೆಯಾಗಿ ಬಂದವಳು. ಅಲ್ಲಿಂದ ನಂಜನಗೂಡಿಗೆ ರೈಲಿನಲ್ಲಿ ಆರಾಮಾಗಿ ಬರುತ್ತಿದ್ದಳು. ನಮ್ಮ ಮನೆಯಲ್ಲಿ ಕಾಫಿ ಕುಡಿದು, ನಗುನಗುತ್ತಾ ಬಸ್‌ ಸ್ಟ್ಯಾಂಡಿಗೆ ನಡೆಯುತ್ತಿದ್ದಳು. ಬಸ್ಸಿನ ಡೀಸೆಲ್ ವಾಸನೆ ಮೂಗಿಗೆ ಬಡಿದ ಕೂಡಲೇ ಮಾತು ನಿಲ್ಲುತ್ತಿತ್ತು. ನಿಂಬೆಹಣ್ಣು ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, ತವರಿನ ದಾರಿಯನ್ನು ಒಮ್ಮೆಯೂ ನೋಡದೆ ತವರಿಗೆ ಹೋಗಿ ಬರುತ್ತಿದ್ದಳು.

ಮಾತ್ರೆ ನಮ್ಮ ಮನೆತನದೊಳಗೆ ಬಂದದ್ದು ಮಾವನ ಮೂಲಕ. ಮಾವ ಎಂದರೆ ಇವರಿಬ್ಬರ ನಡುವೆ ಹುಟ್ಟಿದವನು, ಹೆಮ್ಮಿಗೆಯಲ್ಲಿ ಗದ್ದೆ ನೋಡಿಕೊಂಡಿದ್ದವನು. ತೊಂಬತ್ತರ ದಶಕದ ಮೊದಲ ವರ್ಷಗಳಿರಬೇಕು. ನಾನಿನ್ನೂ ಲಂಗ ಹಾಕುತ್ತಿದ್ದೆ. ದೊಡ್ಡಮ್ಮ ತವರಿಗೆ ಹೋದವಳು ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡು ನರಸೀಪುರದಲ್ಲಿ ಇಳಿಯುವಾಗ ಬಸವಳಿದಿದ್ದಳು. ಮಾವ ಅವಳನ್ನು ಅಲ್ಲಿನ ಡಾಕ್ಟರರ ಹತ್ತಿರ ಕರೆದುಕೊಂಡು ಹೋದ. ಅವರು ಒಂದು ಸಣ್ಣ ಬಿಳಿ ಮಾತ್ರೆ ಕೊಟ್ಟು, ಬಸ್ಸು ಹತ್ತುವುದಕ್ಕೆ ಒಂದು ಗಂಟೆ ಮೊದಲು ತಿನ್ನಬೇಕು, ನಿದ್ದೆ ಬರುತ್ತದೆ, ಜೊತೆಗೆ ಯಾರಾದರೂ ಇರಲಿ, ಬಸ್ಸಿಲ್ಲದ ದಿನ ಇದು ಬೇಡ ಎಂದು ಹೇಳಿದರಂತೆ. ಮೊದಲ ಮೂರು ಮಾತನ್ನು ಮನೆಯವರೆಲ್ಲ ನೆನಪಿಟ್ಟುಕೊಂಡರು. ಕೊನೆಯದನ್ನು ಯಾರೂ ಮತ್ತೆ ಹೇಳಿದ್ದು ನಾನು ಕೇಳಿಲ್ಲ. ಆಗ ಅದು ಅಷ್ಟು ಮುಖ್ಯ ಅನ್ನಿಸಿರಲಾರದು. ಬಸ್ಸಿಲ್ಲದ ದಿನ ಬಸ್ಸಿನ ಮಾತ್ರೆಯನ್ನು ಯಾರು ತಿನ್ನುತ್ತಾರೆ?

ಆ ಸಲ ಅವಳು ವಾಪಸು ಬಂದದ್ದು ಕಿಟಕಿಯಾಚೆ ನೋಡಿಕೊಂಡು. ನಮ್ಮ ಮನೆಗೆ ಬಂದವಳೇ ಅಮ್ಮನಿಗೆ ಹೇಳಿದ್ದು ನನಗೆ ನೆನಪಿದೆ.

"ಊರ್ ದಾರೀಲಿ ಏಸೊಂದು ತೆಂಗಿನ್ ತೋಟ ಅವೆ ಕಣೆ! ಮದ್ವೆ ಆದಾಗ್ಲಿಂದ ಓಡಾಡ್ತಿವ್ನಿ, ಇವತ್ ಕಂಡೆ."

ಮಾವ ಅಲ್ಲೇ ಕೂತಿದ್ದ. "ತಗಳಕ್ಕ, ಇನ್ ಮ್ಯಾಲೆ ನುಂಗ್ಕಂಡೇ ಬಾ. ಕಂಡಕ್ಟ್ರುಗೆ ಅಭಿಷೇಕ ಮಾಡಿದ್ದು ಸಾಕು."

"ಲೋ, ಆ ಕಂಡಕ್ಟ್ರು ನನ್ ಮಖ ಕಂಡೇಟ್ಗೇ 'ಅಮ್ಮೋ, ಕಿಟ್ಕಿ ಸೀಟ್ಗೋಗು' ಅಂತಾನೆ ಕಣ್ಲಾ. ನಿಂತೋರ್ನ ಎಬ್ಸಿ ಜಾಗ ಕೊಡ್ತಾರೆ. ನನ್ಗಿರೋ ಮರ್ವಾದೆ ಎಮ್ಮೆಲ್ಲೆಗೂ ಇಲ್ಲ."

"ಕುಂತೋರ್ನ ಎಬ್ಸಿ ಅನ್ನಕ್ಕ."

"ನಾನ್ ಬಸ್ಸತ್ತುದ್ರೆ ಕುಂತೋರೂ ನಿಂತ್ಕತಾರಲ್ಲ!"

ದೊಡ್ಡಮ್ಮ ನಕ್ಕರೆ ಅವಳ ಮುಖವೆಲ್ಲ ನಗುತ್ತಿತ್ತು. ಹುಬ್ಬು ಮೇಲೇರಿ, ಮೂಗಿನ ಬೇಸರಿ ಅಲುಗಾಡಿ, ಕಣ್ಣು ಸಣ್ಣದಾಗುತ್ತಿತ್ತು. ಈ ಮಾತನ್ನು ಬರೆಯಲು ಕಾರಣವಿದೆ.

ಅವಳಿಗೆ ಮಕ್ಕಳಿರಲಿಲ್ಲ. ದೊಡ್ಡಪ್ಪ ದನಕರು, ಹೊಲ ಎಂದು ತನ್ನ ಪಾಡಿಗೆ ಇರುವವನು. ಮದುವೆಯಾಗಿ ಕೆಲವು ವರ್ಷಗಳಾದ ಮೇಲೆ ಅವಳು ಬದನವಾಳಿಗೆ ನೂಲಲು ಹೋಗತೊಡಗಿದಳು. ಉದ್ದನೆಯ ಹಂಚಿನ ಕೋಣೆ, ಸಾಲಾಗಿ ಚರಕಗಳು. ಗಾಂಧಿ ಬಂದುಹೋದ ಊರು ಎಂದು ಅಲ್ಲಿಯವರು ಹೇಳುತ್ತಾರೆ. ದೊಡ್ಡಮ್ಮನಿಗೆ ಆ ವಿಷಯದಲ್ಲಿ ಹೆಚ್ಚು ಆಸಕ್ತಿ ಇದ್ದಂತೆ ಕಾಣಲಿಲ್ಲ. ಅವಳಿಗೆ ಬೇಕಾಗಿದ್ದದ್ದು ನೂಲು. ಅವಳು ಕೂರುತ್ತಿದ್ದ ಚರಕದಲ್ಲಿ ನೂಲು ಸುತ್ತಿಕೊಳ್ಳುವ ಹಲವು ಕದಿರುಗಳಿದ್ದವು. ಬಲಗೈಯಲ್ಲಿ ಹಿಡಿ ತಿರುಗಿಸಿದರೆ ಎಲ್ಲ ಕದಿರುಗಳಲ್ಲೂ ಒಟ್ಟಿಗೆ ಎಳೆ ಇಳಿಯುತ್ತಿತ್ತು. ಎಲ್ಲಾದರೂ ಎಳೆ ಕಡಿದರೆ ಎಡಗೈಯ ಹೆಬ್ಬೆರಳು ತೋರುಬೆರಳುಗಳ ನಡುವೆ ಎರಡು ತುದಿ ಹಿಡಿದು ಹೊಸೆಯಬೇಕು. ಬೇರೆಯವರು ಎಳೆ ಕೂಡಿಸಲು ಚರಕ ನಿಲ್ಲಿಸುತ್ತಿದ್ದರು. ಅವಳು ನಿಲ್ಲಿಸುತ್ತಿರಲಿಲ್ಲ. ರಜೆಯಲ್ಲಿ ಅವಳ ಮನೆಗೆ ಹೋದಾಗ ನಾನು ಅವಳ ಪಕ್ಕ ಚಾಪೆಯ ಮೇಲೆ ಕೂತು ಪುಸ್ತಕ ಓದುತ್ತಿದ್ದೆ. ಆ ಬೆರಳುಗಳು ಎಳೆಗೆ ತಾಗುವುದು, ಬಿಡುವುದು ಕಣ್ಣಿಗೆ ಕಾಣುತ್ತಲೇ ಇರಲಿಲ್ಲ.

"ನಿನ್ ಬೆಳ್ಳಲ್ಲಿ ಅಂಟು ಇಟ್ಕಂಡಿದ್ದೀಯೇನಕ್ಕ?" ಎಂದು ಪಕ್ಕದ ಚರಕದವಳು ಕೇಳುತ್ತಿದ್ದಳು.

"ಊಂಕಣವ್ವ. ನಿನ್ ಬಾಯ್ಗೂ ಸ್ವಲ್ಪ ಕೊಡ್ಲಾ?"

ಮನೆಯಲ್ಲಿ ಅವಳು ಸೊಸೆ, ಹೆಂಡತಿ, ಮಕ್ಕಳಿಲ್ಲದವಳು. ಆ ಕೋಣೆಯಲ್ಲಿ ಮಾತ್ರ ಅವಳು ಯಾರದೋ ಏನೋ ಆಗಿರಲಿಲ್ಲ. ಇದು ನನ್ನ ಊಹೆ; ಅವಳು ಹೇಳಿಕೊಂಡದ್ದಲ್ಲ. ಆದರೆ ಹೊಸದಾಗಿ ಬಂದವರ ಲಡಿಗಳನ್ನು ಅವಳ ಕೈಗೆ ಕೊಟ್ಟು ಹೇಗಿದೆ ನೋಡು ಎನ್ನುತ್ತಿದ್ದರು. ನೂಲಿನ ಆ ಕಟ್ಟನ್ನು ಕಣ್ಣು ಮುಚ್ಚಿ ಬೆರಳ ಮೇಲೆ ಎಳೆದುಕೊಂಡು, ಎಲ್ಲಿ ದಪ್ಪ, ಎಲ್ಲಿ ಸಣ್ಣ ಎಂದು ಹೇಳುತ್ತಿದ್ದಳು. ಹಬ್ಬಕ್ಕೆ ಊರಿಗೆ ಹೋದರೂ ಎರಡನೆಯ ದಿನ "ನನ್ ಚರಕ ಯಾರ್ ಮುಟ್ಟಿದಾರೋ" ಎಂದು ಅವಸರ ಮಾಡುತ್ತಿದ್ದಳು.

ನಾನು ಕಾಲೇಜು ಸೇರಿದ ಹೊತ್ತಿಗೆ ಅವಳಿಗೆ ಬೇರೆಯ ತಲೆಸುತ್ತು ಶುರುವಾಯಿತು. ಬಸ್ಸಿನದಲ್ಲ. ಬೆಳಿಗ್ಗೆ ಹಾಸಿಗೆಯಲ್ಲಿ ಬಲಮಗ್ಗುಲಿಗೆ ಹೊರಳಿದರೆ ತೊಲೆ, ಜಂತೆ ಎಲ್ಲ ಗರಗರ ತಿರುಗುತ್ತಿತ್ತಂತೆ. ಮೇಲಿನ ಹಲಗೆಯಿಂದ ಬೇಳೆ ಡಬ್ಬ ತೆಗೆಯಲು ತಲೆ ಎತ್ತಿದರೂ ಅಷ್ಟೆ. ಸ್ವಲ್ಪ ಹೊತ್ತು ಅಲುಗಾಡದೆ ಇದ್ದರೆ ನಿಂತುಹೋಗುತ್ತಿತ್ತು. ನಂಜನಗೂಡಿನ ಒಬ್ಬ ಡಾಕ್ಟರಿಗೆ ತೋರಿಸಿದಳು. ಅವರು ಒಂದು ವಾರಕ್ಕೆ ಮಾತ್ರೆ ಬರೆದುಕೊಟ್ಟು, ಆಮೇಲೆ ಬಂದು ತೋರಿಸಿ ಎಂದರು. ವಾರದೊಳಗೆ ಗುಣ ಕಂಡಿತು. ಗುಣ ಕಂಡ ಮೇಲೆ ಡಾಕ್ಟರ ಹತ್ತಿರ ಯಾರು ಹೋಗುತ್ತಾರೆ?

ಆದರೆ ಮಾತ್ರೆ ನಿಲ್ಲಲಿಲ್ಲ. ಅದಕ್ಕೆ ಕಾರಣ ಚರಕ. ನೂಲುವ ಕಡೆಯಲ್ಲಿ ಯಾರೋ, ತಿರುಗೋದನ್ನೇ ದಿನಾ ನೋಡಿದರೆ ತಲೆ ತಿರುಗದೆ ಇನ್ನೇನು, ಚರಕದ ಮುಂದಿಂದ ಎದ್ದುಬಿಡು ಎಂದಿದ್ದರು. ದೊಡ್ಡಮ್ಮ ಅದನ್ನು ನಮ್ಮ ಅಡುಗೆಮನೆಯಲ್ಲಿ ಕೂತು ಸಿಟ್ಟಿನಿಂದ ಹೇಳಿದಳು.

"ಚರಕದ್ ಮ್ಯಾಲ್ ಯಾಕ್ ತಪ್ಪು ಹಾಕ್ತಾರೆ? ನಂಗೆ ಮಲಿಕಂಡಾಗ ತಿರುಗ್ತದೆ, ಅಲ್ ಕುಂತಾಗಲ್ಲ. ಆದ್ರೂ ಒಂದಿನ ಅಲ್ಲೇ ತಿರುಗಿ ಬಿದ್ದೆ ಅಂತಿಟ್ಕೊ, ಆಮೇಕೆ ನನ್ನ ಹತ್ರುಕ್ಕೂ ಸೇರ್ಸಲ್ಲ."

ಅಮ್ಮ ರೊಟ್ಟಿ ತಟ್ಟುತ್ತಿದ್ದಳು. "ಹೆದ್ರಿಕೆ ಆದ್ರೆ ದಿನಾ ಒಂದ್ ನುಂಗ್ಕಬಿಡಕ್ಕ. ಮಾತ್ರೆ ತಾನೆ."

ಹಾಗೆ ಅದು ದಿನದ ಮಾತ್ರೆಯಾಯಿತು. ಚೀಟಿ ಎಲ್ಲೋ ಕಳೆದುಹೋಯಿತು, ಬೇಕಾಗಲೂ ಇಲ್ಲ. ಮಾತ್ರೆ ತೆಗೆದಾದ ಮೇಲೆ ಉಳಿದ ಬೆಳ್ಳಿ ಕಾಗದದ ತುಂಡನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ಬಂದು ಮೆಡಿಕಲ್ ಸ್ಟೋರಿನಲ್ಲಿ ತೋರಿಸಿದರೆ ಅದೇ ಸಿಗುತ್ತಿತ್ತು. ನಮ್ಮ ಕಡೆ ಎಲ್ಲರೂ ಹಾಗೇ ಮಾಡುತ್ತಿದ್ದರು.

ಇನ್ನೊಂದು ಕಡೆಯಿಂದ ಮಾವನದು ಬರುತ್ತಿತ್ತು. ಅಕ್ಕನಿಗೆ ತಲೆಸುತ್ತು ಎಂದು ತಿಳಿದ ಮೇಲೆ ಅವನು ನರಸೀಪುರದಿಂದ ಬಸ್ಸಿನ ಮಾತ್ರೆಯನ್ನು ಹೆಚ್ಚಾಗಿ ತರತೊಡಗಿದ. ಅದು ಬಸ್ಸಿನ ಸುತ್ತಿಗೆ ಆದರೆ ಮನೆಯ ಸುತ್ತಿಗೂ ಆಗಬೇಕಲ್ಲ ಎಂಬುದು ಅವನ ಲೆಕ್ಕ. ಗೌರಿ ಹಬ್ಬದ ಹಿಂದಿನ ದಿನ ಅಕ್ಕತಂಗಿಯರಿಬ್ಬರಿಗೂ ತವರಿನ ಬಾಗಿನ ಹೊತ್ತು ನಮ್ಮ ಮನೆಗೆ ಬರುವಾಗ ಮೊರದಲ್ಲಿ ಅರಿಸಿನ, ಕುಂಕುಮ, ಬಳೆ, ರವಿಕೆ ಕಣದ ಜೊತೆಗೆ ಆ ಮಾತ್ರೆಯ ಹಾಳೆಗಳನ್ನೂ ಇಟ್ಟು ತರುತ್ತಿದ್ದ. ಮೊದಲ ವರ್ಷ ನಾವೆಲ್ಲ ನಕ್ಕೆವು.

"ಗೌರಮ್ಮಂಗೂ ತಲೆಸುತ್ತು ಬಂದದಾ?" ಎಂದು ಅಮ್ಮ ಕೇಳಿದಳು.

"ಗೌರಮ್ಮನೂ ತವ್ರಿಗೆ ಬಸ್ಸಲ್ಲೇ ಬರೋದು ಇವಾಗ," ಎಂದ ಮಾವ.

ತವರಿನಿಂದ ಬಂದದ್ದನ್ನು ಬೇಡ ಎನ್ನುವ ಹಾಗಿಲ್ಲ. ಬಳಸದೆ ಮೂಲೆಗೆ ಹಾಕುವ ಹಾಗೂ ಇಲ್ಲ. ಬಾಗಿನದ ಅಕ್ಕಿಯನ್ನು ಬೇಯಿಸಲೇಬೇಕು, ಬಳೆಯನ್ನು ತೊಡಲೇಬೇಕು. ದೊಡ್ಡಮ್ಮ ಮಾತ್ರೆಗೂ ಅದೇ ನ್ಯಾಯ ಹಿಡಿದಳು. ಬೆಳಿಗ್ಗೆ ನೂಲಲು ಹೋಗುವ ಮೊದಲು ನಂಜನಗೂಡಿನದು, ಸಂಜೆ ದೀಪ ಹಚ್ಚಿದ ಮೇಲೆ ತವರಿನದು. ಒಂದರ ಹಾಳೆ ಹಸಿರು, ಇನ್ನೊಂದರದು ಕೆಂಪು. ಹೆಸರೂ ಬೇರೆ ಬೇರೆ. ಒಂದು ಊರಿಗೂ ಇನ್ನೊಂದು ಊರಿಗೂ ನಡುವೆ ಒಂದು ಹೊಳೆ ಹರಿಯುವಾಗ ಎರಡು ಮಾತ್ರೆಗಳ ಒಳಗೆ ಇರುವುದು ಒಂದೇ ಎಂದು ಯಾರಿಗೆ ಹೊಳೆಯಬೇಕು?

ಬದಲಾವಣೆ ಯಾವಾಗ ಶುರುವಾಯಿತು ಎಂದು ನಾನು ಎಷ್ಟು ಯೋಚಿಸಿದರೂ ಒಂದು ದಿನವನ್ನು ತೋರಿಸಲಾರೆ. ಎರಡೋ ಮೂರೋ ವರ್ಷಗಳಲ್ಲಿ ಅವಳು ನಿಧಾನವಾದಳು. ತಟ್ಟೆಯ ಮುಂದೆ ಕೂತರೆ ಎಲ್ಲರೂ ಎದ್ದ ಮೇಲೂ ಉಣ್ಣುತ್ತಿದ್ದಳು. ನಡೆಯುವಾಗ ಕೈ ಬೀಸುತ್ತಿರಲಿಲ್ಲ. ಯಾರಾದರೂ ಕೂಗಿದರೆ ಕತ್ತು ತಿರುಗಿಸದೆ ಇಡೀ ಮೈಯನ್ನೇ ತಿರುಗಿಸುತ್ತಿದ್ದಳು. ವಯಸ್ಸಾಯಿತು ಎಂದುಕೊಂಡೆವು. ಅವಳಿಗೆ ಆಗ ಐವತ್ತು ದಾಟಿತ್ತು ಅಷ್ಟೆ.

ಮತ್ತೆ ಆ ಬೆರಳು. ಸುಮ್ಮನೆ ಕೂತಾಗ, ಎಡಗೈ ತೊಡೆಯ ಮೇಲಿದ್ದಾಗ, ಹೆಬ್ಬೆರಳು ತೋರುಬೆರಳಿನ ಮೇಲೆ ಉಜ್ಜುತ್ತಲೇ ಇರುತ್ತಿತ್ತು. ಎಳೆ ಹೊಸೆದ ಹಾಗೇ. ಟಿ.ವಿ. ನೋಡುವಾಗ, ಬಸ್ಸಿಗೆ ಕಾಯುವಾಗ, ದೇವಸ್ಥಾನದ ಕಂಬಕ್ಕೆ ಒರಗಿ ಕೂತಾಗ. ನೋಡಿದವರೆಲ್ಲ ನಗುತ್ತಿದ್ದರು. "ನೂತೂ ನೂತೂ ಬೆಳ್ಳು ಅಂಗೇ ಆಗ್ಬುಟ್ಟದೆ" ಎಂದು ದೊಡ್ಡಪ್ಪ ಬಂದವರಿಗೆಲ್ಲ ತೋರಿಸುತ್ತಿದ್ದ; ಆ ಮಾತಿನಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. ದೊಡ್ಡಮ್ಮನೂ ಹಾಗೇ ನಂಬಿದ್ದಳು. "ಕನಸ್ನಾಗೂ ಎಳೆ ಕೂಡುಸ್ತೀನಿ ಮಗ," ಎಂದು ನನಗೆ ಹೇಳಿದ್ದಳು. ಒಂದು ಕೈಗೆ ಹಿಡಿದ ರೋಗವನ್ನು ನಾವು ಆ ಕೈಯ ಕಸುಬು ಎಂದು ಓದಿಕೊಂಡೆವು. ಬೇರೆ ಯಾರ ಕೈ ಹಾಗೆ ಆಡಿದ್ದರೂ ಯಾರಾದರೊಬ್ಬರು ಗಾಬರಿಯಾಗುತ್ತಿದ್ದರು. ನೂಲುವವಳ ಕೈಯಾದ್ದರಿಂದ ಯಾರೂ ಆಗಲಿಲ್ಲ.

ವಿಚಿತ್ರವೆಂದರೆ ಸುಮ್ಮನಿದ್ದಾಗ ಅಷ್ಟು ಹೊಸೆಯುತ್ತಿದ್ದ ಬೆರಳು ಚರಕದ ಮುಂದೆ ಎಳೆ ಹೊಸೆಯಲು ಒಲ್ಲೆ ಎನ್ನತೊಡಗಿತು. ಎಳೆ ಕಡಿದರೆ ತುದಿ ಹುಡುಕುವಷ್ಟರಲ್ಲಿ ಪಕ್ಕದ ಕದಿರಿನದೂ ಕಡಿಯುತ್ತಿತ್ತು. ಅವಳೂ ಚರಕ ನಿಲ್ಲಿಸಿ ಎಳೆ ಕೂಡಿಸಲು ಶುರುಮಾಡಿದಳು. ನಡೆಯುವಾಗ ತೂಗಿದಂತಾಗುತ್ತಿತ್ತು. ಅದನ್ನೂ ತಲೆಸುತ್ತು ಎಂದೇ ತಿಳಿದು, ಕೆಲವು ದಿನ ಮಧ್ಯಾಹ್ನವೂ ಒಂದು ಮಾತ್ರೆ ನುಂಗಿದಳು. ಚರಕ ಉಳಿಸಿಕೊಳ್ಳಲು ನುಂಗುತ್ತಿದ್ದ ಮಾತ್ರೆ ಅದು. ನುಂಗಿದಷ್ಟೂ ಕೈ ಬಿಗಿಯುತ್ತಿತ್ತು, ಕೈ ಬಿಗಿದಷ್ಟೂ ನುಂಗುತ್ತಿದ್ದಳು.

ನಾನು ಎಂ.ಎ. ಮುಗಿಸಿ ಮೈಸೂರಿನ ಒಂದು ಕಾಲೇಜಿನಲ್ಲಿ ಪಾಠ ಹೇಳುವ ಕೆಲಸಕ್ಕೆ ಸೇರಿದಾಗ ಅಮ್ಮ ನನ್ನನ್ನು ಕರೆದುಕೊಂಡು ಅವಳ ಮನೆಗೆ ಹೋದಳು. ಸಿಹಿ ಕೊಟ್ಟು ಕಾಲಿಗೆ ನಮಸ್ಕಾರ ಮಾಡಿದೆ. ದೊಡ್ಡಮ್ಮ ತಲೆಯ ಮೇಲೆ ಕೈಯಿಟ್ಟಳು. "ಒಳ್ಳೇದಾಗ್ಲಿ ಮಗ" ಎಂದಳು, ಸಣ್ಣ ದನಿಯಲ್ಲಿ, ಏರಿಳಿತವಿಲ್ಲದೆ. ಮುಖ ಗೋಡೆಯ ಹಾಗಿತ್ತು. ಹುಬ್ಬು ಏಳಲಿಲ್ಲ, ಕಣ್ಣು ಮಿಟುಕಿದ್ದೂ ಕಡಿಮೆ. ರೈಲಿಗೆ ಕಾಯುತ್ತಾ ಅಮ್ಮ ಸಿಹಿಯ ಖಾಲಿ ಡಬ್ಬವನ್ನು ಚೀಲಕ್ಕೆ ತುರುಕಿದಳು. ಆಮೇಲೆ ಹೇಳಿದಳು:

"ನೋಡ್ದಾ? ನಮ್ಮಕ್ಕಂಗೆ ಸಂತೋಷವೇ ಆಗ್ಲಿಲ್ಲ. ತನ್ಗಿಲ್ದೇ ಇರೋದು ತಂಗೀಗದೆ ಅಂತ ಇಷ್ಟ್ ವರ್ಸ ಅನ್ಕಂಡಿರ್ಲಿಲ್ಲ. ಇವಾಗ ಶುರುವಾಯ್ತು."

"ಹಾಗಿರಲ್ಲಮ್ಮ" ಎಂದೆ. ಆದರೆ ನಾನೂ ಆ ಮುಖವನ್ನೇ ನೋಡಿದ್ದೆ. ಅಂದಿನಿಂದ ಅಮ್ಮ ಅಕ್ಕನ ಮನೆಗೆ ಹೋಗುವುದನ್ನು ಕಡಿಮೆ ಮಾಡಿದಳು. ದೊಡ್ಡಮ್ಮ ಬಂದರೆ ಕಾಫಿ ಕೊಡುತ್ತಿದ್ದಳು, ಆದರೆ ಅಡುಗೆಮನೆಯೊಳಗೆ ಕೂರಿಸಿಕೊಳ್ಳುತ್ತಿರಲಿಲ್ಲ.

ಆ ವರ್ಷವೇ ದೊಡ್ಡಮ್ಮನನ್ನು ಚರಕದಿಂದ ಎಬ್ಬಿಸಿದರು. ಎಬ್ಬಿಸಿದರು ಎನ್ನುವುದು ತಪ್ಪು. ಅವಳ ಲಡಿಗಳಲ್ಲಿ ಗಂಟುಗಳು ಹೆಚ್ಚಾದವು. ಅಲ್ಲಿನ ಮೇಲ್ವಿಚಾರಕರು ಅವಳ ಮೇಲೆ ಗೌರವ ಇದ್ದವರು. ಸ್ವಲ್ಪ ದಿನ ಹತ್ತಿ ಬಿಡಿಸುವ ಕಡೆ ಇರಮ್ಮ, ಕೈಗೆ ಆರಾಮ ಸಿಗಲಿ ಎಂದರು. ಅವಳು ಮಾರನೆಯ ದಿನದಿಂದ ಚರಕದ ಸಾಲಿಗೆ ಬೆನ್ನು ಹಾಕಿ, ಹತ್ತಿ ರಾಶಿಯ ಮುಂದೆ ಕೂತು ಕಸ ಆಯತೊಡಗಿದಳು. ಅವಳ ಚರಕಕ್ಕೆ ಬೇರೊಬ್ಬಳು ಬಂದಳು.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಒಂದು ಬೆಳಿಗ್ಗೆ ಅಮ್ಮನಿಗೆ ಹಾಸಿಗೆಯಿಂದ ಏಳುವಾಗ ತಲೆ ತಿರುಗಿತು. ನಾನು ಮೈಸೂರಿನಲ್ಲಿ ಕಿವಿ, ಮೂಗು, ಗಂಟಲಿನ ಡಾಕ್ಟರೊಬ್ಬರ ಹತ್ತಿರ ಅವಳನ್ನು ಕರೆಸಿಕೊಂಡೆ. ಒಬ್ಬಳೇ ಬರಲು ಹೆದರಿ, ಮುನಿಸು ಬದಿಗಿಟ್ಟು, ಅವಳು ಅಕ್ಕನನ್ನೂ ಕರೆದುಕೊಂಡು ಬಂದಳು. ದೊಡ್ಡಮ್ಮ ಬಂದದ್ದು ಜೊತೆಗೆ, ತೋರಿಸಿಕೊಳ್ಳಲು ಅಲ್ಲ.

ಡಾಕ್ಟರು ಅಮ್ಮನನ್ನು ಮಂಚದ ಮೇಲೆ ಕೂರಿಸಿ, ತಲೆಯನ್ನು ಒಂದು ಕಡೆ ತಿರುಗಿಸಿ ಹಿಡಿದು, ಥಟ್ಟನೆ ಹಿಂದಕ್ಕೆ ಮಲಗಿಸಿದರು. ಅಮ್ಮ "ಅಯ್ಯೋ ಶಿವನೇ" ಎಂದು ಅವರ ತೋಳು ಹಿಡಿದುಕೊಂಡಳು. ಅವರು ಅವಳ ಕಣ್ಣನ್ನೇ ನೋಡುತ್ತಾ, ತಲೆಯನ್ನು ಹಂತಹಂತವಾಗಿ ಇನ್ನೊಂದು ಕಡೆಗೆ ತಿರುಗಿಸಿ, ಮಗ್ಗುಲಿಗೆ ಹೊರಳಿಸಿ, ಮತ್ತೆ ಎಬ್ಬಿಸಿ ಕೂರಿಸಿದರು. ಕಿವಿಯೊಳಗೆ ಸಣ್ಣ ಹರಳುಗಳಿರುತ್ತವೆ, ಅವು ಜಾಗ ಬಿಟ್ಟು ಜಾರಿದರೆ ಹೀಗೆ ಆಗುತ್ತದೆ, ಅವನ್ನು ಮತ್ತೆ ಅವುಗಳ ಜಾಗಕ್ಕೆ ಉರುಳಿಸಿದೆ ಅಷ್ಟೆ ಎಂದರು.

"ಮಾತ್ರೆ ಬರ್ದುಕೊಡಲ್ವ ಸಾ?" ಎಂದಳು ಅಮ್ಮ.

"ಬೇಡ. ಮತ್ತೆ ಬಂದರೆ ಮತ್ತೆ ಹೀಗೇ ಮಾಡೋಣ. ಎಲ್ಲಾ ತಲೆಸುತ್ತೂ ಒಂದೇ ಅಲ್ಲಮ್ಮ, ಎಲ್ಲಕ್ಕೂ ಮಾತ್ರೆ ಅಲ್ಲ."

ಆಗ ದೊಡ್ಡಮ್ಮ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಡಾಕ್ಟರು ಕೈ ತೊಳೆಯುತ್ತಾ ಅವಳ ಕಡೆ ನೋಡಿದರು. ನೋಡುತ್ತಲೇ ಇದ್ದರು.

"ಇವರಿಗೆ ಯಾವಾಗಿಂದ ಹೀಗೆ ಕೈ ಆಡುತ್ತೆ?"

"ಅವ್ಳು ನೂಲ್ತಾಳೆ ಸಾ," ಎಂದಳು ಅಮ್ಮ, ಇದೂ ಕೇಳುವ ವಿಷಯವೇ ಎಂಬಂತೆ. "ಅದುಕ್ಕೆ ಅಂಗೆ."

ಡಾಕ್ಟರು ಎದುರು ಕುರ್ಚಿ ಎಳೆದುಕೊಂಡು ಕೂತರು. ಅವಳ ಮೊಣಕೈಯನ್ನು ಮಡಿಸಿ, ಬಿಡಿಸಿ ನೋಡಿದರು. ಎದ್ದು ಬಾಗಿಲವರೆಗೆ ನಡೆದು ಬರಲು ಹೇಳಿದರು. ಆಮೇಲೆ ಯಾವ ಮಾತ್ರೆ ತಿನ್ನುತ್ತೀರಿ ಎಂದು ಕೇಳಿದರು. ದೊಡ್ಡಮ್ಮ ಎಲೆಅಡಿಕೆಯ ಸಂಚಿ ತೆಗೆದು, ಒಳಗಿನಿಂದ ಹಸಿರು ಹಾಳೆಯನ್ನೂ ಕೆಂಪು ಹಾಳೆಯನ್ನೂ ಮೇಜಿನ ಮೇಲೆ ಇಟ್ಟಳು.

"ಇದು ನಂಜನಗೂಡಿಂದು. ಇದು ನಮ್ ತವ್ರುದು."

ಅವರು ಎರಡನ್ನೂ ಮಗುಚಿ, ನನ್ನ ಕಡೆ ಸರಿಸಿ, ದಪ್ಪ ಅಕ್ಷರದ ಕೆಳಗೆ ಏನಿದೆ ಓದಿ ಎಂದರು. ದಪ್ಪ ಅಕ್ಷರದಲ್ಲಿ ಕಂಪನಿಯವರು ಇಟ್ಟ ಹೆಸರು, ಬೇರೆ ಬೇರೆ. ಅದರ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಔಷಧದ ಹೆಸರು, ಎರಡರಲ್ಲೂ ಒಂದೇ. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಔಷಧದ್ದು ತಪ್ಪಲ್ಲ. ದೂರದ ದಾರಿಗೆ ಒಂದು, ತಲೆಸುತ್ತು ಜೋರಾದಾಗ ಕೆಲವೇ ದಿನ ಎಂದು ತೆಗೆದುಕೊಂಡವರಿಗೆ ಅದು ಈಗಲೂ ಒಳ್ಳೆಯದನ್ನೇ ಮಾಡುತ್ತದೆ. ವರ್ಷಗಟ್ಟಲೆ ದಿನವೂ, ಅದೂ ಎರಡರಷ್ಟು, ವಯಸ್ಸಾಗುತ್ತಿರುವ ಮೈಯೊಳಗೆ ಹೋದರೆ ಕೆಲವರಲ್ಲಿ ಕೈನಡುಕ, ಬಿಗಿತ, ಮುಖದಲ್ಲಿ ಭಾವ ಮೂಡದಿರುವುದು ಎಲ್ಲ ಬರುತ್ತದೆ ಎಂದು ಅವರು ವಿವರಿಸಿದರು. ನರರೋಗದ ಡಾಕ್ಟರಿಗೂ ಚೀಟಿ ಬರೆದರು. ಅವರೂ ಅದನ್ನೇ ಹೇಳಿ, ಮಾತ್ರೆ ನಿಲ್ಲಿಸುವುದು ಹೇಗೆ ಎಂದು ತಿಳಿಸಿದರು. ಬಿಟ್ಟ ಮೇಲೆ ಕೆಲವು ತಿಂಗಳಲ್ಲಿ ಬಹಳ ಮಟ್ಟಿಗೆ ಸರಿಹೋಗಬಹುದು, ಪೂರ್ತಿ ಎಂದು ಮಾತು ಕೊಡಲಾರೆ ಎಂದರು.

ಆ ಮೊದಲ ದಿನವೇ, ನಾವು ಹೊರಡುವ ಮುಂಚೆ, ಕಿವಿಯ ಡಾಕ್ಟರು ದೊಡ್ಡಮ್ಮನನ್ನೂ ಮಂಚದ ಮೇಲೆ ಮಲಗಿಸಿ ತಲೆ ತಿರುಗಿಸಿದರು. ಅವಳ ಸುತ್ತೂ ಅಮ್ಮನದೇ ಸುತ್ತು. ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತಿನ ಕೆಲಸ. ಅದನ್ನು ನೋಡುತ್ತಾ ನಿಂತಾಗ ನನಗೆ ಸಂತೋಷವಾಗಬೇಕಿತ್ತು.

ಮಾವನಿಗೆ ಹೇಳುವುದು ಬೇಡ ಎಂದು ದೊಡ್ಡಮ್ಮನೇ ಅಂದಳು. ಆದರೆ ಮುಂದಿನ ಗೌರಿ ಹಬ್ಬಕ್ಕೆ ಅವನು ಮತ್ತೆ ಮೊರದಲ್ಲಿ ಕೆಂಪು ಹಾಳೆ ಇಟ್ಟು ತಂದಾಗ ಅಮ್ಮ ತಡೆಯಲಾರದೆ ದೊಡ್ಡಮ್ಮನ ಎದುರಿಗೇ ಹೇಳಿಬಿಟ್ಟಳು. ಅವನು ಜಗುಲಿಯ ಮೇಲೆ ಕೂತವನು ಕೂತೇ ಇದ್ದ.

"ನಾನೇ ತಂದ್ಕೊಟ್ನಲ್ಲಕ್ಕ. ಬಾಗ್ನದೊಳ್ಗೆ ಇಟ್ಟು."

"ಸುಮ್ಕಿರ್ಲಾ. ನೀನೊಬ್ನೇ ಕೊಟ್ಟಿದ್ದಾ? ಈ ಊರಿಂದ್ನೂ ನುಂಗಿವ್ನಲ್ಲ. ನುಂಗ್ದೋಳು ನಾನು."

"ನೀ ಬೇಡ ಅನ್ಬೋದಿತ್ತಲ್ಲ."

"ತವ್ರುದ್ನ ಎಂಗ್ಲಾ ಬೇಡ ಅನ್ನಾದು?"

ಅವಳ ಮುಖ ಆ ಹೊತ್ತಿಗೆ ಸ್ವಲ್ಪ ಸಡಿಲವಾಗಿತ್ತು. ಮಾತ್ರೆ ಬಿಟ್ಟು ಮೂರು ನಾಲ್ಕು ತಿಂಗಳಾಗಿರಬೇಕು. ಮೊದಲ ವಾರಗಳು ಕಷ್ಟವಾಗಿದ್ದವು. ಬೆಳಿಗ್ಗೆ ಎದ್ದು ಸಂಚಿಗೆ ಕೈ ಹಾಕಿ, ಖಾಲಿ ಎಂದು ನೆನಪಾಗಿ, ಬಾಗಿಲ ಚೌಕಟ್ಟು ಹಿಡಿದು ನಿಲ್ಲುತ್ತಿದ್ದಳು. ಆಮೇಲೆ ಉಣ್ಣುವುದು ಚುರುಕಾಯಿತು. ಕತ್ತು ತಿರುಗಿತು. ಒಂದು ದಿನ ನಮ್ಮ ಮನೆಯ ಹಿತ್ತಲಲ್ಲಿ ಅಮ್ಮ ಬಟ್ಟೆ ಒಗೆಯುವಾಗ ಕಾಲು ಜಾರಿ ಬಕೆಟ್ಟಿನೊಳಗೆ ಕೂತುಬಿಟ್ಟಳು. ದೊಡ್ಡಮ್ಮ ನಕ್ಕಳು. ಹುಬ್ಬು ಎದ್ದಿತು, ಬೇಸರಿ ಅಲುಗಿತು. ಅಮ್ಮ ಬಕೆಟ್ಟಿನಿಂದ ಏಳುವುದನ್ನು ಬಿಟ್ಟು ಅವಳ ಮುಖವನ್ನೇ ನೋಡುತ್ತಿದ್ದಳು.

"ಅಕ್ಕ, ಇವ್ಳಿಗೆ ಕೆಲ್ಸ ಸಿಕ್ದಾಗ..." ಎಂದು ಅಮ್ಮ ನನ್ನ ಕಡೆ ಬೆರಳು ತೋರಿಸಿದಳು.

"ಅವತ್ತೂ ನಗ್ತಿದ್ದೆ ಕಣೆ. ನಿಂಗೆ ಕಾಣ್ನಿಲ್ಲ," ಎಂದಳು ದೊಡ್ಡಮ್ಮ.

ನಾನು ಒಳಗೆ ಹೋದೆ. ಅಮ್ಮನ ಒದ್ದೆ ಸೀರೆಯನ್ನೂ ಮರೆತು ಅವರಿಬ್ಬರೂ ಎಷ್ಟು ಹೊತ್ತು ಅಲ್ಲಿ ಕೂತಿದ್ದರೋ ಗೊತ್ತಿಲ್ಲ.

ಬಲಗೈ ಪೂರ್ತಿ ಬಂತು. ಎಡಗೈ ಅರೆಬರೆ. ಸುಮ್ಮನಿದ್ದಾಗ ಬೆರಳು ಉಜ್ಜುವುದು ನಿಂತಿತು; ದೊಡ್ಡಪ್ಪನಿಗೆ ಅದು ನಿಂತದ್ದು ತಿಳಿಯಲು ಬಹಳ ದಿನ ಬೇಕಾಯಿತು. ಆದರೆ ತುದಿಗಳಲ್ಲಿ ಒಂದು ಮಂದತನ ಉಳಿಯಿತು. ಸೂಜಿಗೆ ದಾರ ಪೋಣಿಸಲು ನನ್ನನ್ನು ಕರೆಯುತ್ತಿದ್ದಳು. ಇನ್ನೂ ಕಾಯೋಣ ಎಂದು ಡಾಕ್ಟರು ಹೇಳುತ್ತಿದ್ದರು. ಕಾದೆವು. ಒಂದು ವರ್ಷ ಕಳೆದ ಮೇಲೆ ಅವಳು ಚರಕದ ಮಾತು ತೆಗೆದಳು. ಅವರು ಬರಲಿ, ಅವರ ಚರಕ ಅವರದೇ ಎಂದು ಮೇಲ್ವಿಚಾರಕರು ಹೇಳಿ ಕಳಿಸಿದ್ದರು.

ನಾನು ರಜೆಯಲ್ಲಿದ್ದೆ, ಜೊತೆಗೆ ಹೋದೆ. ಅವಳ ಜಾಗದಲ್ಲಿ ಕೂರುತ್ತಿದ್ದ ಹೆಂಗಸು ಎದ್ದು, ಸೆರಗಿನಿಂದ ಹಲಗೆ ಒರೆಸಿ ಕೊಟ್ಟಳು. ದೊಡ್ಡಮ್ಮ ಕೂತಳು. ಹಿಡಿ ತಿರುಗಿತು, ಕದಿರುಗಳೆಲ್ಲ ಸುತ್ತಿದವು, ಎಳೆ ಇಳಿಯಿತು. ಸುತ್ತ ಕೂತವರು ತಮ್ಮ ಚರಕ ನಿಲ್ಲಿಸಿ ನೋಡಿದರು. ಸ್ವಲ್ಪ ಹೊತ್ತು ಯಾವುದೂ ಕಡಿಯಲಿಲ್ಲ. ಆಮೇಲೆ ಒಂದು ಕಡಿಯಿತು. ಅವಳ ಎಡಗೈ ಸರಿಯಾದ ಜಾಗಕ್ಕೇ ಹೋಯಿತು. ಬೆರಳು ತುದಿಯನ್ನು ಹಿಡಿಯಿತು, ಹಿಡಿದದ್ದು ಅದಕ್ಕೆ ತಿಳಿಯಲಿಲ್ಲ. ಬಿಟ್ಟು ಮತ್ತೆ ಹಿಡಿಯಿತು. ಅಷ್ಟರಲ್ಲಿ ಇನ್ನೊಂದು ಹೋಯಿತು. ಅವಳು ಚರಕ ನಿಲ್ಲಿಸಿ ಎರಡನ್ನೂ ಕೂಡಿಸಿದಳು. ಹಾಗೆ ನಿಲ್ಲಿಸಿ ನಿಲ್ಲಿಸಿ, ಯಾರೂ ಅವಸರ ಮಾಡದೆ, ಮಧ್ಯಾಹ್ನದ ಹೊತ್ತಿಗೆ ಒಂದು ಲಡಿ ಮುಗಿಸಿದಳು.

"ಚೆನ್ನಾಗೇ ಅದೆಯಲ್ಲಕ್ಕ" ಎಂದಳು ಪಕ್ಕದವಳು.

ದೊಡ್ಡಮ್ಮ ಲಡಿಯನ್ನು ಬಿಚ್ಚಿ, ಕಣ್ಣು ಮುಚ್ಚಿ, ಬಲಗೈಯ ಬೆರಳ ಮೇಲೆ ಎಳೆದುಕೊಂಡಳು. ಆ ಬೆರಳಿಗೆ ಎಲ್ಲ ತಿಳಿಯುತ್ತಿತ್ತು. ಅವಳು ಮುಖ ಎತ್ತಲಿಲ್ಲ.

"ಬೇರೆಯೋರ್ದಾಗಿದ್ರೆ ಇದ್ನ ನಾನು ವಾಪಸ್ ಕೊಡ್ತಿದ್ದೆ," ಎಂದಳು. ಲಡಿಯನ್ನು ಹಲಗೆಯ ಮೇಲಿಟ್ಟು, ಆ ಹೆಂಗಸಿಗೆ ಜಾಗ ಬಿಟ್ಟು ಎದ್ದಳು. "ಕುಂತ್ಕೊಳವ್ವ. ಚರಕದ್ ಇಡಿ ಬಿಗಿ ಆಗ್ಬುಟ್ಟದೆ, ಎಣ್ಣೆ ಬಿಡು."

ಅವಳು ಹತ್ತಿ ರಾಶಿಯ ಕಡೆ ನಡೆದಳು. ಕೈ ಬೀಸಿಕೊಂಡು, ನೆಟ್ಟಗೆ, ಎಲ್ಲೂ ತೂಗದೆ ನಡೆದಳು.